ಫ್ರೆಂಚ್ ರಾಕ್ಸ್ ಎಂಬ ನಮ್ಮೂರು

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರು ಮಂಡ್ಯ ದಾಟಿದ ಮೇಲೆ, ಶ್ರೀರಂಗಪಟ್ಟಣ ಬರುವ ಮುಂಚೆ ‘ಪಾಂಡವಪುರ’ ಎಂಬ ಹಳದಿ ಫಲಕ ನೋಡಿರುತ್ತೀರಿ. ಹಳೆಯ ಕಾಲದ ರೈಲು ವೇಳಾಪಟ್ಟಿಯಲ್ಲಿ ಈ ನಿಲ್ದಾಣಕ್ಕೆ ಬೇರೊಂದು ಹೆಸರಿತ್ತು. ಅದು ‘ಫ್ರೆಂಚ್ ರಾಕ್ಸ್’, ಅಂದರೆ ಫ್ರೆಂಚರ ಬಂಡೆಗಳು. ನಮ್ಮ ಕಡೆಯ ಹಳೆಯ ತಲೆಗಳು ಈಗಲೂ ಮಾತಿನ ನಡುವೆ ಆ ಹೆಸರು ಹೇಳುವುದುಂಟು. ಅದಕ್ಕೂ ಹಿಂದಿನ ಹೆಸರು ಹಿರೋಡೆ.

ಒಂದೇ ಊರಿಗೆ ಮೂರು ಹೆಸರು. ಹಿರೋಡೆ ಎಂದು ಕರೆದವರು ಇಲ್ಲಿ ಉತ್ತು ಬಿತ್ತಿದವರು. ಫ್ರೆಂಚ್ ರಾಕ್ಸ್ ಎಂದು ಕರೆದವರು ಬ್ರಿಟಿಷ್ ಸೈನಿಕರು. ಪಾಂಡವಪುರ ಎಂಬುದು ಊರ ಪಕ್ಕದ ಕುಂತಿ ಬೆಟ್ಟದ ಕತೆಯಿಂದ ಬಂದದ್ದು. ವನವಾಸದಲ್ಲಿ ಪಾಂಡವರು ತಾಯಿ ಕುಂತಿಯೊಡನೆ ಇಲ್ಲಿ ತಂಗಿದ್ದರು ಎನ್ನುತ್ತದೆ ಸ್ಥಳಪುರಾಣ.

ನಾನು ಇದೇ ಸೀಮೆಯವನು. ನೆಂಟರ ಮಕ್ಕಳು ರಜೆಗೆ ಬಂದಾಗಲೆಲ್ಲ ಅವರನ್ನು ಸುತ್ತಾಡಿಸುವ ಕೆಲಸ ನನ್ನದೇ. ಹಾಗೆ ಬಂದವರು ಪ್ರತಿಸಲವೂ ಕೇಳುವ ಪ್ರಶ್ನೆ ಒಂದೇ: “ತಾತ, ಫ್ರಾನ್ಸ್ ಎಲ್ಲಿ, ಪಾಂಡವಪುರ ಎಲ್ಲಿ? ಅವರು ಇಲ್ಲಿಗ್ಯಾಕೆ ಬಂದಿದ್ರು?” ಈ ಪ್ರಶ್ನೆಗೆ ಉತ್ತರ ಹೇಳಹೊರಟರೆ ರಾಕೆಟ್ಟು, ಎತ್ತು, ಜ್ವರ, ಸಕ್ಕರೆ ಎಲ್ಲವನ್ನೂ ಹೇಳಬೇಕಾಗುತ್ತದೆ. ಹೇಳುತ್ತೇನೆ, ಕೇಳಿ.

ಬಂಡೆಗಳ ನಡುವೆ ಫ್ರೆಂಚರ ಬಿಡಾರ

ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಆಗಿಬರುತ್ತಿರಲಿಲ್ಲ. ಯೂರೋಪಿನಲ್ಲಿ ಶುರುವಾದ ಅವರ ಜಗಳ ಭಾರತದಲ್ಲೂ ನಡೆಯುತ್ತಿತ್ತು. ಮೈಸೂರಿನ ಆಡಳಿತ ಹಿಡಿದ ಹೈದರಾಲಿಗೂ, ಅವನ ಮಗ ಟಿಪ್ಪು ಸುಲ್ತಾನನಿಗೂ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯೇ ದೊಡ್ಡ ಶತ್ರು. ಶತ್ರುವಿನ ಶತ್ರು ಮಿತ್ರ ಎಂಬಂತೆ ಫ್ರೆಂಚ್ ಸೈನಿಕರು, ಫಿರಂಗಿ ಬಲ್ಲವರು, ಕುಶಲಕರ್ಮಿಗಳು ಮೈಸೂರಿನ ಸಂಬಳಕ್ಕೆ ಬಂದರು.

ರಾಜಧಾನಿ ಶ್ರೀರಂಗಪಟ್ಟಣ. ಅಲ್ಲಿಂದ ಉತ್ತರಕ್ಕೆ ಆರೇಳು ಕಿಲೋಮೀಟರ್ ದೂರದ ಹಿರೋಡೆಯಲ್ಲಿ ಈ ಫ್ರೆಂಚರಿಗೆ ಬಿಡಾರ ಕೊಟ್ಟರು. ಮುಂದೆ ಬ್ರಿಟಿಷರು ತಮ್ಮ ನಕ್ಷೆಗಳಲ್ಲಿ ಈ ಜಾಗವನ್ನು ‘ಫ್ರೆಂಚ್ ರಾಕ್ಸ್’ ಎಂದು ಬರೆದುಕೊಂಡರು. ವೈರಿಯ ಹೆಸರನ್ನು ವೈರಿಯೇ ಬರೆದಿಟ್ಟು ಉಳಿಸಿದ ಹಾಗಾಯಿತು.

ಈ ನಂಟು ಸಾಮಾನ್ಯದ್ದಲ್ಲ. 1788ರಲ್ಲಿ ಟಿಪ್ಪು ಕಳಿಸಿದ ಮೂವರು ರಾಯಭಾರಿಗಳು ಹಡಗಿನಲ್ಲಿ ಫ್ರಾನ್ಸಿಗೆ ಹೋಗಿ, ವರ್ಸೇಲ್ಸ್ ಅರಮನೆಯಲ್ಲಿ ದೊರೆ ಹದಿನಾರನೆಯ ಲೂಯಿಯನ್ನು ಕಂಡರು. ಅವರು ಕೇಳಿದ್ದು ಸೈನ್ಯವನ್ನು ಮಾತ್ರವಲ್ಲ, ಕೆಲಸ ಬಲ್ಲ ಜನರನ್ನೂ ಕೇಳಿದರು. ಬಂದೂಕು ಮಾಡುವವರು, ಗಡಿಯಾರ ಮಾಡುವವರು, ಪಿಂಗಾಣಿ ಮಾಡುವವರು ಬೇಕಿತ್ತು. ಸೈನ್ಯದ ನೆರವು ಸಿಗಲಿಲ್ಲ. ಕೆಲವರು ಕುಶಲಕರ್ಮಿಗಳು ಮಾತ್ರ ಬಂದರು. ಮರುವರ್ಷವೇ ಫ್ರಾನ್ಸಿನಲ್ಲಿ ಕ್ರಾಂತಿಯಾಗಿ, ಆ ದೊರೆಯ ಕಿರೀಟಕ್ಕೇ ಸಂಚಕಾರ ಬಂತು.

ಸೈನ್ಯಕ್ಕಾಗಿ ಕಟ್ಟಿದ ಪೇಟೆ

ಸೈನ್ಯ ಎಂದರೆ ಬರೀ ಕತ್ತಿ, ಕುದುರೆ ಅಲ್ಲ. ಒಬ್ಬ ಸಿಪಾಯಿಯ ಹಿಂದೆ ಎಷ್ಟು ಜನರ ಕೈಕೆಲಸ ಇರುತ್ತದೆ ನೋಡಿ. ಕಮ್ಮಾರ ಬಂದೂಕಿನ ನಳಿಗೆ ಮಾಡಬೇಕು. ಬಡಗಿ ಗಾಡಿಯ ಚಕ್ರ ಕೂರಿಸಬೇಕು. ಚರ್ಮದ ಕೆಲಸದವರು ಜೀನು, ಪಟ್ಟಿ ಹೊಲಿಯಬೇಕು. ನೇಕಾರರು ಡೇರೆಗೆ, ಅಂಗಿಗೆ ಬಟ್ಟೆ ನೇಯಬೇಕು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿಸಿ ಮದ್ದು ಅರೆಯುವವರು ಬೇರೆ.

ಇವರಿಗೆಲ್ಲ ಟಿಪ್ಪು ಶ್ರೀರಂಗಪಟ್ಟಣದ ದ್ವೀಪದ ಪೂರ್ವ ಭಾಗದಲ್ಲಿ ಒಂದು ಪೇಟೆ ಕಟ್ಟಿಸಿದ. ಹೆಸರು ಶಹರ್ ಗಂಜಾಂ. ಇವತ್ತು ನಿಮಿಷಾಂಬಾ ದೇವಸ್ಥಾನಕ್ಕೆ ಹೋಗುವವರೆಲ್ಲ ಕಾಲಿಡುವ ಗಂಜಾಂ ಇದೇ. ಆ ಪೇಟೆ ತುಂಬಲು ಜನ ಎಲ್ಲಿಂದ ಬಂದರು? ಶಿರಾ ಪಟ್ಟಣದಿಂದ 12,000 ಕುಟುಂಬಗಳನ್ನು ಇಲ್ಲಿಗೆ ಸಾಗಿಸಲಾಯಿತು ಎಂದು ಹಳೆಯ ಮೈಸೂರು ಗೆಜೆಟಿಯರ್ ಬರೆಯುತ್ತದೆ. ಶಿರಾ ಹಿಂದೆ ಮೊಗಲರ ಆಡಳಿತ ಕೇಂದ್ರವಾಗಿತ್ತು. ಅಲ್ಲಿ ಒಳ್ಳೊಳ್ಳೆಯ ಕಸುಬುದಾರರಿದ್ದರು. ಅವರನ್ನು ಕರೆಯಲಿಲ್ಲ, ಎಬ್ಬಿಸಿ ತಂದರು. ಮನೆ, ಬಾವಿ, ನೆರೆಹೊರೆ ಬಿಟ್ಟು ಗಂಟುಮೂಟೆ ಕಟ್ಟಿಕೊಂಡು ಅಷ್ಟು ದೂರ ನಡೆದು ಬಂದವರ ಕಷ್ಟವನ್ನು ಗೆಜೆಟಿಯರ್ ಬರೆದಿಲ್ಲ. ನಾವೇ ಊಹಿಸಿಕೊಳ್ಳಬೇಕು.

ಆಗ ಇಲ್ಲಿ ತಯಾರಾದದ್ದರಲ್ಲಿ ಲೋಕಕ್ಕೆಲ್ಲ ಹೆಸರಾದದ್ದು ರಾಕೆಟ್. ದೀಪಾವಳಿಯಲ್ಲಿ ನಾವು ಬಾಟಲಿಯಲ್ಲಿಟ್ಟು ಹಚ್ಚುತ್ತೇವಲ್ಲ, ತತ್ವ ಅದೇ. ಕೊಳವೆಯೊಳಗೆ ಮದ್ದು ಉರಿದು ಹೊಗೆ ಹಿಂದಕ್ಕೆ ನುಗ್ಗಿದರೆ ಕೊಳವೆ ಮುಂದಕ್ಕೆ ಹಾರುತ್ತದೆ. ಬೇರೆ ಕಡೆ ಈ ಕೊಳವೆಯನ್ನು ಕಾಗದದಿಂದಲೋ ಬಿದಿರಿನಿಂದಲೋ ಮಾಡುತ್ತಿದ್ದರು. ಮೈಸೂರಿನ ಕಮ್ಮಾರರು ಕಬ್ಬಿಣದಿಂದ ಮಾಡಿದರು. ಕಬ್ಬಿಣದ ಕೊಳವೆ ಒಡೆಯದೆ ಹೆಚ್ಚು ಒತ್ತಡ ತಡೆಯುತ್ತದೆ. ಒತ್ತಡ ಹೆಚ್ಚಿದರೆ ವೇಗ ಹೆಚ್ಚು, ದೂರವೂ ಹೆಚ್ಚು. ಕೊಳವೆಗೆ ಉದ್ದನೆಯ ಬಿದಿರು ಗಳುವನ್ನೋ ಕತ್ತಿಯ ಅಲಗನ್ನೋ ಕಟ್ಟಿದರೆ ದಿಕ್ಕು ತಪ್ಪದೆ ಹಾರುತ್ತದೆ. ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತಿದ್ದವು.

1780ರ ಸೆಪ್ಟೆಂಬರ್ 10ರಂದು ಈಗಿನ ತಮಿಳುನಾಡಿನ ಪೊಲ್ಲಿಲೂರಿನಲ್ಲಿ ನಡೆದ ಯುದ್ಧದಲ್ಲಿ ಇಂಗ್ಲಿಷರ ಮದ್ದಿನ ಬಂಡಿಗಳು ಹೊತ್ತಿ ಸಿಡಿದವು. ದರಿಯಾ ದೌಲತ್‌ನ ಗೋಡೆಯ ಮೇಲಿನ ದೊಡ್ಡ ಚಿತ್ರ ಈ ಯುದ್ಧದ್ದೇ. ಅಲ್ಲಿಗೆ ಹೋದಾಗ, ಮಕ್ಕಳೇ, ಸ್ವಲ್ಪ ನಿಂತು ನೋಡಿ. ಹೊತ್ತಿ ಉರಿಯುವ ಮದ್ದಿನ ಬಂಡಿಯನ್ನು ಯಾರು ಮೊದಲು ಕಂಡುಹಿಡಿಯುತ್ತೀರಿ ಎಂದು ಪಂದ್ಯ ಕಟ್ಟಿಕೊಳ್ಳಿ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರಿಗೆ 700 ಸಿದ್ಧ ರಾಕೆಟ್‌ಗಳೂ, ಮದ್ದು ತುಂಬದ 9,000 ರಾಕೆಟ್ ಕೊಳವೆಗಳೂ ಸಿಕ್ಕವು. ಕೆಲವನ್ನು ಲಂಡನ್ನಿನ ವೂಲ್ವಿಚ್ ಶಸ್ತ್ರಾಗಾರಕ್ಕೆ ಸಾಗಿಸಿದರು. ವಿಲಿಯಂ ಕಾಂಗ್ರೀವ್ ಎಂಬಾತ ಅಲ್ಲಿ ಪ್ರಯೋಗ ನಡೆಸಿ ಬ್ರಿಟಿಷ್ ಸೈನ್ಯಕ್ಕೆ ರಾಕೆಟ್ ಮಾಡಿಕೊಟ್ಟ. 1814ರಲ್ಲಿ ಬ್ರಿಟಿಷರು ಅಮೆರಿಕದ ಒಂದು ಕೋಟೆಯ ಮೇಲೆ ಹಾರಿಸಿದ್ದು ಅಂಥ ರಾಕೆಟ್‌ಗಳನ್ನೇ. ಅಮೆರಿಕದ ರಾಷ್ಟ್ರಗೀತೆಯಲ್ಲಿ ರಾಕೆಟ್ಟಿನ ಮಾತು ಬರುವುದು ಆ ರಾತ್ರಿಯ ನೆನಪಿಗೆ. ಕೋಟೆಯ ಹೆಸರು, ಕವಿಯ ಹೆಸರು, ಕಾಂಗ್ರೀವ್‌ನ ಹೆಸರು ಎಲ್ಲವೂ ಇತಿಹಾಸದಲ್ಲಿವೆ. ಮೊದಲ ಕಬ್ಬಿಣದ ಕೊಳವೆ ಬಡಿದ ನಮ್ಮ ಕಮ್ಮಾರನ ಹೆಸರು ಮಾತ್ರ ಎಲ್ಲೂ ಇಲ್ಲ.

ಫಿರಂಗಿ ಎಳೆದ ಎತ್ತುಗಳು

ಫಿರಂಗಿ ಎರಕ ಹೊಯ್ದರೆ ಸಾಕೇ? ಅದನ್ನು ಎಳೆಯಬೇಕಲ್ಲ. ಇಲ್ಲಿಂದ ಕತೆ ಕೆ.ಆರ್. ಪೇಟೆ, ನಾಗಮಂಗಲದ ಕಡೆ ತಿರುಗುತ್ತದೆ. ಕೆ.ಆರ್. ಪೇಟೆಗೆ ಆಗ ಅತ್ತಿಕುಪ್ಪೆ ಎಂದು ಹೆಸರು. ಈ ಸೀಮೆ ಹಳ್ಳಿಕಾರ್ ದನಗಳಿಗೆ ಹೆಸರುವಾಸಿ. ಹೇಮಾವತಿ ದಂಡೆಯ ಹೇಮಗಿರಿ ಜಾತ್ರೆಯಲ್ಲಿ ಇಂದಿಗೂ ಜೋಡಿ ಎತ್ತುಗಳಿಗೆ ಸಿಂಗಾರ ಮಾಡಿ, ವಾಲಗದೊಡನೆ ಕರೆತರುತ್ತಾರೆ.

ಹಳ್ಳಿಕಾರ್ ರಕ್ತದ್ದೇ ಇನ್ನೊಂದು ತಳಿ ಅಮೃತಮಹಲ್. ಮೈಸೂರು ಅರಸರು ಹಾಲು ಬೆಣ್ಣೆಗೆಂದು ಇಟ್ಟಿದ್ದ ‘ಬೆಣ್ಣೆ ಚಾವಡಿ’ಯ ಹಿಂಡೇ ಹೈದರನ ಕಾಲಕ್ಕೆ ಫಿರಂಗಿ ಎಳೆಯುವ ಪಡೆಯಾಯಿತು. ‘ಅಮೃತಮಹಲ್’ ಎಂಬ ಹೆಸರು ಕೊಟ್ಟವನು ಟಿಪ್ಪು. ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಂ ಮುಟ್ಟಿದ್ದು ಈ ಎತ್ತುಗಳ ಬಲದಿಂದ ಎಂದು ಗೆಜೆಟಿಯರ್ ಹೊಗಳುತ್ತದೆ.

ಎತ್ತಿಲ್ಲದೆ ಹೋದರೆ ಏನಾಗುತ್ತದೆ ಎನ್ನುವುದಕ್ಕೂ ನಮ್ಮೂರಿನ ಬಯಲೇ ಸಾಕ್ಷಿ. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ದೊಡ್ಡ ಸೈನ್ಯದೊಡನೆ ಶ್ರೀರಂಗಪಟ್ಟಣದ ಹೊರಗೆ, ಅರಕೆರೆ–ಕರಿಘಟ್ಟದ ಕಡೆಯವರೆಗೆ ಬಂದ. ಯುದ್ಧದಲ್ಲಿ ಗೆದ್ದ. ಆದರೆ ಮಳೆ ಹಿಡಿಯಿತು, ಮೇವು ತೀರಿತು, ರೋಗ ಬಂತು, ಎತ್ತುಗಳು ಸಾಲುಸಾಲಾಗಿ ಸತ್ತವು. ಕೋಟೆ ಒಡೆಯಲು ತಂದಿದ್ದ ಭಾರಿ ಫಿರಂಗಿಗಳನ್ನು ಎಳೆಯುವವರೇ ಇಲ್ಲ. ತನ್ನ ಫಿರಂಗಿಗಳನ್ನು ತಾನೇ ಹಾಳುಮಾಡಿ ಅವನು ವಾಪಸು ಹೊರಟ. ಮೇಲುಕೋಟೆಯ ಕಡೆಗೆ ಬಂದಾಗ ಅವನ ಜೊತೆಗಾರರಾದ ಮರಾಠರ ಸೈನ್ಯ ಎದುರಾಯಿತು. ಅವರ ಬಳಿ ಇದ್ದ ದವಸಧಾನ್ಯದಿಂದ ಹಸಿದ ಪಡೆ ಬದುಕಿತು.

ನಾಗಮಂಗಲ ಮಾತ್ರ ಬದುಕಲಿಲ್ಲ. ಹೊಯ್ಸಳರ ಕಾಲದಿಂದ ಮೆರೆದ ಊರು ಅದು. ಕಂಚು, ಹಿತ್ತಾಳೆಯ ಕೆಲಸಕ್ಕೆ ಹೆಸರಾದದ್ದು. 1792ರ ಯುದ್ಧದಲ್ಲಿ ಮರಾಠ ಸೈನ್ಯ ಊರನ್ನು ಹಾಳುಗೆಡವಿತು. ಆಗ ನಾಶವಾದ ತೆಂಗಿನ ಮರಗಳು ಒಂದೂವರೆ ಲಕ್ಷ ಎಂದು ಗೆಜೆಟಿಯರ್ ಲೆಕ್ಕ ಕೊಡುತ್ತದೆ. ಒಂದು ತೆಂಗಿನ ಸಸಿ ನೆಟ್ಟು ಎಳನೀರು ಕೀಳಲು ಎಷ್ಟು ವರ್ಷ ಕಾಯಬೇಕು ಎಂದು ನಿಮ್ಮ ಅಜ್ಜಿಯನ್ನು ಕೇಳಿ. ಆಗ ಆ ಲೆಕ್ಕದ ಭಾರ ತಿಳಿಯುತ್ತದೆ. ಅದಕ್ಕೂ ಮೊದಲು, 1771ರಲ್ಲಿ, ಪಾಂಡವಪುರದ ಪಕ್ಕದ ಚಿನಕುರಳಿಯಲ್ಲಿ ಹೈದರಾಲಿ ಮರಾಠರಿಂದ ಹೀನಾಯವಾಗಿ ಸೋತಿದ್ದ. ರಾಜಧಾನಿಯ ನೆರೆಯ ಊರುಗಳಿಗೆ ಸೈನ್ಯ ಯಾರದ್ದಾದರೂ ಒಂದೇ. ಬಂದವರು ಮೊದಲು ಕೇಳುವುದು ರಾಗಿಯನ್ನು, ಹುಲ್ಲನ್ನು, ಎತ್ತನ್ನು.

ಸೈನ್ಯ ಹೋದ ಮೇಲೆ

1799ರ ಮೇ 4ರಂದು ಕೋಟೆ ಬಿತ್ತು. ಟಿಪ್ಪು ಸತ್ತ. ಮೈಸೂರು ರಾಜ್ಯ ಒಡೆಯರಿಗೆ ಮರಳಿತು, ರಾಜಧಾನಿ ಮೈಸೂರಿಗೆ ಹೋಯಿತು. ಶ್ರೀರಂಗಪಟ್ಟಣದ ದ್ವೀಪವನ್ನು ಮಾತ್ರ ಇಂಗ್ಲಿಷರು ತಾವೇ ಇಟ್ಟುಕೊಂಡರು. ಅಲ್ಲಿ ಅವರ ಸೈನ್ಯ ಬೀಡುಬಿಟ್ಟಿತು. ಫಿರಂಗಿ ಕೂರಿಸುವ ಗಾಡಿಗಳನ್ನು ಮಾಡುವ ಕಾರ್ಖಾನೆಯೂ ಅಲ್ಲಿ ನಡೆಯಿತು. ದಿವಾನ್ ಪೂರ್ಣಯ್ಯ 1804ರಲ್ಲಿ ಕಾವೇರಿಗೆ ಕಟ್ಟಿಸಿದ ಕಲ್ಲಿನ ವೆಲ್ಲೆಸ್ಲಿ ಸೇತುವೆ ಈಗಲೂ ಇದೆ.

ಆದರೆ ದ್ವೀಪದಲ್ಲಿ ಜ್ವರ ವಿಪರೀತ. ಇವತ್ತು ಅದನ್ನು ಮಲೇರಿಯಾ ಎನ್ನುತ್ತೇವೆ. ಆ ಕಾಲದಲ್ಲಿ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ನಂಬಿದ್ದರು. ಸೊಳ್ಳೆಯೇ ಕಾರಣ ಎಂದು ರೊನಾಲ್ಡ್ ರಾಸ್ ಕಂಡುಹಿಡಿದದ್ದು 1897ರಲ್ಲಿ. ಕೋಟೆಯ ಹೊರಗೆ, ಕಾವೇರಿ ದಂಡೆಯಲ್ಲಿ ಒಂದು ಗ್ಯಾರಿಸನ್ ಸ್ಮಶಾನವಿದೆ. ಅಲ್ಲಿ ಇಂಗ್ಲಿಷರ ಜೊತೆಗೆ ಸ್ವಿಟ್ಜರ್ಲೆಂಡಿನ ‘ದ ಮ್ಯೂರಾನ್’ ದಳದವರ ಗೋರಿಗಳೂ ಇವೆ. ಸಂಬಳಕ್ಕಾಗಿ ಸಾವಿರಾರು ಮೈಲಿ ಬಂದು ಈ ಮಣ್ಣಿನಲ್ಲಿ ಮಲಗಿದವರು. ಅವರ ಹೆಂಡತಿ ಮಕ್ಕಳ ಗೋರಿಗಳೂ ಅಲ್ಲಿವೆ.

1809ರಲ್ಲಿ ಇಂಗ್ಲಿಷರು ಸೈನ್ಯದ ಮುಖ್ಯ ಠಾಣ್ಯವನ್ನು ಬೆಂಗಳೂರಿಗೆ ಸಾಗಿಸಿದರು. ಇವತ್ತಿನ ಬೆಂಗಳೂರು ದಂಡು ಹುಟ್ಟಿದ್ದು ಹಾಗೆ. ಬೆಂಗಳೂರು ಬೆಳೆಯಲು ಶುರುವಾದದ್ದು ಶ್ರೀರಂಗಪಟ್ಟಣದ ಜ್ವರದಿಂದ ಎಂದರೂ ತಪ್ಪಾಗದು.

ಗಂಜಾಂನ ಕಸುಬುದಾರರ ಗತಿ ಏನಾಯಿತು? ಈ ಲೆಕ್ಕ ನೋಡಿ. ಟಿಪ್ಪುವಿನ ಕಾಲದಲ್ಲಿ ದ್ವೀಪದ ಜನಸಂಖ್ಯೆ ಒಂದೂವರೆ ಲಕ್ಷ ಎಂಬ ಅಂದಾಜಿತ್ತು. 1800ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಈ ಸೀಮೆಯಲ್ಲೆಲ್ಲ ಸಂಚರಿಸಿ ಬರೆದಾಗ ಉಳಿದಿದ್ದವರು ಸುಮಾರು 32,000. 1871ರ ಜನಗಣತಿಯ ಹೊತ್ತಿಗೆ ಹತ್ತು ಸಾವಿರದ ಆಸುಪಾಸು. ಯುದ್ಧದಲ್ಲಿ ಸತ್ತವರು ಒಂದಷ್ಟು. ಕೆಲಸವಿಲ್ಲದೆ ಊರು ಬಿಟ್ಟವರು ಅದಕ್ಕಿಂತ ಹೆಚ್ಚು. ರಾಕೆಟ್ ಕೊಳ್ಳುವ ದೊರೆ ಇಲ್ಲ, ಜೀನು ಹೊಲಿಸುವ ಕುದುರೆಪಡೆ ಇಲ್ಲ, ಜರಿ ಬಟ್ಟೆ ಉಡುವ ಆಸ್ಥಾನ ಇಲ್ಲ. ಶಿರಾದಿಂದ ಒಮ್ಮೆ ಎಬ್ಬಿಸಿ ತಂದವರ ಮಕ್ಕಳು ಈಗ ಯಾರೂ ಎಬ್ಬಿಸದೆಯೇ ಮತ್ತೊಮ್ಮೆ ಗಂಟುಮೂಟೆ ಕಟ್ಟಿದರು.

ಫ್ರೆಂಚ್ ರಾಕ್ಸ್‌ನಲ್ಲಿ ಮಾತ್ರ ಸೈನ್ಯದ ಕಹಳೆ ಇನ್ನೂ ಬಹಳ ಕಾಲ ಮೊಳಗಿತು. ಫ್ರೆಂಚರು ಬಿಟ್ಟ ಜಾಗದಲ್ಲಿ ಇಂಗ್ಲಿಷರ ಮದ್ರಾಸ್ ಸೈನ್ಯದ ದಳಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವರೆಗೂ ಇದ್ದವು. ಆಮೇಲೆ ಅವರೂ ಹೋದರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂತಿರುಗಿಸಿದಾಗ ಶ್ರೀರಂಗಪಟ್ಟಣವನ್ನೂ ಬಿಟ್ಟುಕೊಟ್ಟರು. ಬದಲಿಗೆ ಬೆಂಗಳೂರಿನ ದಂಡು ಪ್ರದೇಶವನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಮರುವರ್ಷ, 1882ರಲ್ಲಿ, ಮೈಸೂರಿಗೆ ರೈಲು ಬಂತು. ಸೈನ್ಯವಿಲ್ಲದ ಊರಿನ ನಿಲ್ದಾಣದ ಮೇಲೆ ಸೈನ್ಯದ ಹೆಸರು ಕೂತಿತು.

ಆಫ್ರಿಕದ ದ್ವೀಪವೊಂದರ ನಂಟು

ಇಲ್ಲಿ ಒಂದು ಸಲ ಭೂಪಟ ತೆಗೆಯಿರಿ. ಆಫ್ರಿಕದ ಪೂರ್ವಕ್ಕೆ, ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರ್ ಆಚೆಗೆ ಮಾರಿಷಸ್ ಎಂಬ ಚುಕ್ಕೆ ಹುಡುಕಿ. ಆಗ ಅದು ಫ್ರೆಂಚರ ವಶದಲ್ಲಿತ್ತು. ಅವರು ಅದನ್ನು ‘ಈಲ್ ದ ಫ್ರಾನ್ಸ್’, ಫ್ರಾನ್ಸಿನ ದ್ವೀಪ ಎನ್ನುತ್ತಿದ್ದರು. ಅದರ ಬಂದರು ಪೋರ್ಟ್ ಲೂಯಿ ಫ್ರೆಂಚ್ ನೌಕಾಪಡೆಯ ತಾಣ. ಅಲ್ಲಿ ಮದ್ದು ಅರೆಯುವ ಗಿರಣಿಯೂ ಇತ್ತು. 1798ರಲ್ಲಿ ಟಿಪ್ಪುವಿನ ನೆರವಿಗೆಂದು ಆ ದ್ವೀಪದಿಂದ ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸು ಜನ ಮಾತ್ರ. ಆದರೆ ಅದೇ ನೆಪ ಮಾಡಿಕೊಂಡು ಇಂಗ್ಲಿಷರು ಮುಂದಿನ ವರ್ಷ ಯುದ್ಧಕ್ಕೆ ಬಂದರು.

1810ರಲ್ಲಿ ಮಾರಿಷಸ್ಸನ್ನೂ ಇಂಗ್ಲಿಷರು ಗೆದ್ದರು. ಮುಂದೆ ಇಡೀ ದ್ವೀಪ ಕಬ್ಬಿನ ಗದ್ದೆಯಾಯಿತು. ಗದ್ದೆಯ ಕೆಲಸಕ್ಕೆ 1834ರಿಂದ ಭಾರತದ ಬಡವರನ್ನು ಕರಾರು ಬರೆಸಿಕೊಂಡು ಹಡಗಿನಲ್ಲಿ ತುಂಬಿಸಿ ಒಯ್ದರು. ಅವರು ಇಳಿದ ಮೆಟ್ಟಿಲುಗಳ ಜಾಗ, ಆಪ್ರವಾಸಿ ಘಾಟ್, ಈಗ ವಿಶ್ವ ಪಾರಂಪರಿಕ ತಾಣ. ಇಂದು ಮಾರಿಷಸ್‌ನ ಬಹುಪಾಲು ಜನ ಅವರ ಸಂತಾನದವರೇ.

ಮದ್ದು, ಬಂದೂಕು ಹೋಗಿ ಕಬ್ಬು ಬಂತು ಎನ್ನುವುದರಲ್ಲಿ ಆ ದ್ವೀಪವೂ ನಮ್ಮ ಸೀಮೆಯೂ ಒಂದೇ. ವ್ಯತ್ಯಾಸ ಒಂದಿದೆ. ಅಲ್ಲಿ ಗದ್ದೆ ದೊರೆಗಳದ್ದು, ದುಡಿಮೆ ಕೂಲಿಯವರದ್ದು. ಇಲ್ಲಿ ಗದ್ದೆ ರೈತನದ್ದೇ ಆಗಿತ್ತು.

ಪಾಲಹಳ್ಳಿಯ ಸಕ್ಕರೆ, ಲಂಡನ್ನಿನ ಬಹುಮಾನ

ಶ್ರೀರಂಗಪಟ್ಟಣದಿಂದ ರಂಗನತಿಟ್ಟಿನ ಕಡೆ ಹೋದರೆ ಪಾಲಹಳ್ಳಿ ಸಿಗುತ್ತದೆ. ಕೊಕ್ಕರೆ, ಮೊಸಳೆ ನೋಡುವ ಆತುರದಲ್ಲಿ ಯಾರೂ ಅಲ್ಲಿ ನಿಲ್ಲುವುದಿಲ್ಲ. ಆದರೆ 1847ರಲ್ಲಿ ಆ ಊರಿನಲ್ಲಿ ಗ್ರೋವ್ಸ್ ಎಂಬ ಇಂಗ್ಲಿಷ್ ಕಂಪನಿ ‘ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ’ ತೆರೆಯಿತು. ಅದು ಕಬ್ಬು ಅರೆಯುತ್ತಿರಲಿಲ್ಲ. ಸುತ್ತಲ ರೈತರು ಆಲೆಮನೆಯಲ್ಲಿ ಮಾಡಿದ ಬೆಲ್ಲ ಕೊಂಡು, ಅದನ್ನು ಶುದ್ಧಮಾಡಿ ಸಕ್ಕರೆ ತೆಗೆಯುತ್ತಿತ್ತು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಜಗತ್ತಿನ ಮಹಾ ವಸ್ತುಪ್ರದರ್ಶನದಲ್ಲಿ ಈ ಸಕ್ಕರೆಗೆ ಬಹುಮಾನ ಬಂತು.

ಈ ಬಹುಮಾನದ ಹಿಂದೆ ಇದ್ದದ್ದು ನಮ್ಮ ನಾಲೆಗಳ ನೀರು. ಕಾವೇರಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಕಟ್ಟಿ, ಚಿಕ್ಕದೇವರಾಜ ಸಾಗರ ನಾಲೆ, ವಿರಿಜಾ ನಾಲೆಗಳಲ್ಲಿ ನೀರು ಹರಿಸುವ ಏರ್ಪಾಟು ಸೈನ್ಯಗಳ ಈ ಗದ್ದಲಕ್ಕಿಂತ ಹಳೆಯದು. ಕೆ.ಆರ್. ಪೇಟೆಯಲ್ಲಿ ಹೇಮಾವತಿಯ ಮಂದಗೆರೆ ಒಡ್ಡೂ ಹಾಗೆಯೇ. ಪಾಲಹಳ್ಳಿಯ ಕಾರ್ಖಾನೆ ಕಾಲಕ್ರಮದಲ್ಲಿ ಮುಚ್ಚಿತು. ನಾಲೆ ಮುಚ್ಚಲಿಲ್ಲ. ಆಲೆಮನೆಯೂ ಮುಚ್ಚಲಿಲ್ಲ.

ಆಲೆಮನೆ ನೋಡದ ಪಟ್ಟಣದ ಮಕ್ಕಳಿಗೆ ಎರಡು ಮಾತು. ಗಾಣದಲ್ಲಿ ಕಬ್ಬು ಅರೆದು ಹಾಲು ತೆಗೆಯುತ್ತಾರೆ. ಹಿಂದೆ ಗಾಣಕ್ಕೆ ಎತ್ತು ಕಟ್ಟುತ್ತಿದ್ದರು, ಈಗ ಮೋಟರು. ಕಬ್ಬಿನ ಹಾಲನ್ನು ದೊಡ್ಡ ಕೊಪ್ಪರಿಗೆಗೆ ಸುರಿದು ಕಾಯಿಸುತ್ತಾರೆ. ಒಲೆಗೆ ಉರಿ ಬೇರೆಯಲ್ಲ, ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆಯೇ. ಕುದಿಯುವಾಗ ಮೇಲೆ ಬರುವ ಕೊಳೆಯ ನೊರೆ ತೆಗೆಯುತ್ತಾ, ಪಾಕ ಹದಕ್ಕೆ ಬಂದಾಗ ಇಳಿಸಿ, ಅಚ್ಚಿಗೆ ಹುಯ್ದರೆ ಬೆಲ್ಲ. ಹದ ಒಂದು ಚೂರು ಮುಂದೆ ಹೋದರೆ ಬಣ್ಣ ಕಪ್ಪು, ಹಿಂದೆ ಉಳಿದರೆ ಗಟ್ಟಿಯಾಗದು. ಪಾಕ ನೋಡುವವನು ಚಿಟಿಕೆ ಪಾಕವನ್ನು ತಣ್ಣೀರಿಗೆ ಹಾಕಿ ಬೆರಳಲ್ಲಿ ಉರುಟಿ ಹದ ಹೇಳುತ್ತಾನೆ. ಗಡಿಯಾರವನ್ನೂ ನೋಡುವುದಿಲ್ಲ, ಥರ್ಮಾಮೀಟರನ್ನೂ ಇಡುವುದಿಲ್ಲ.

ನಮ್ಮ ಕಾರ್ಖಾನೆ

ಇಪ್ಪತ್ತನೆಯ ಶತಮಾನದಲ್ಲಿ ಈ ಕತೆ ದೊಡ್ಡದಾಯಿತು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಮುಗಿದು, ಹುಲಿಕೆರೆ ಸುರಂಗದ ಮೂಲಕ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯಿತು. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳಿಗೆ ಕಬ್ಬು ಬಂತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದಕ್ಕಾಗಿ ದುಡಿದದ್ದನ್ನು ಮಂಡ್ಯದವರು ಈಗಲೂ ನೆನೆಯುತ್ತಾರೆ.

ಸ್ವಾತಂತ್ರ್ಯ ಬಂದ ಮೇಲೆ, 1950ರ ದಶಕದಲ್ಲಿ, ಪಾಂಡವಪುರದ ರೈಲು ನಿಲ್ದಾಣದ ಬಳಿ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದರು. ಜನ ಕರೆಯುವುದು ಪಿ.ಎಸ್.ಎಸ್.ಕೆ. ಎಂದು. ಇದಕ್ಕೆ ಷೇರು ಹಾಕಿದವರು ರೈತರೇ. ಹಿಂದಿನ ಎಲ್ಲ ಕಾರ್ಖಾನೆಗಳು ಸುಲ್ತಾನನದ್ದೋ ಕಂಪನಿಯದ್ದೋ ಆಗಿದ್ದವು. ಇದು ಮಾತ್ರ ‘ನಮ್ಮದು’. ಹಂಗಾಮಿನಲ್ಲಿ ಎತ್ತಿನ ಗಾಡಿಗಳು ಕಬ್ಬು ಹೇರಿಕೊಂಡು ರಾತ್ರಿಯೆಲ್ಲ ಸಾಲುಗಟ್ಟಿ ನಿಲ್ಲುತ್ತಿದ್ದವು. ಗಾಡಿ ಕೆಳಗೆ ಲಾಟೀನು ತೂಗುಹಾಕಿ ಅಲ್ಲೇ ಕಂಬಳಿ ಹೊದ್ದು ಮಲಗುತ್ತಿದ್ದರು. ನಾವು ಹುಡುಗರು ಹಿಂದಿನಿಂದ ಜಲ್ಲೆ ಎಳೆದು ಓಡುತ್ತಿದ್ದೆವು. ಗಾಡಿಯವರು ಬೈದಂತೆ ಮಾಡಿ ನಗುತ್ತಿದ್ದರು. ಕಾಕಂಬಿಯ ವಾಸನೆ ಬಂದರೆ ‘ಕಾರ್ಖಾನೆ ಶುರುವಾಯ್ತು, ಇನ್ನು ಮದುವೆ ಮಾಡಬಹುದು’ ಎಂದು ಮನೆಗಳಲ್ಲಿ ಮಾತಾಗುತ್ತಿತ್ತು. ಕಬ್ಬಿನ ಹಣದಲ್ಲೇ ಹೆಣ್ಣುಮಕ್ಕಳ ಮದುವೆ, ಹುಡುಗರ ಕಾಲೇಜು ಫೀಸು.

ಆ ಕಾರ್ಖಾನೆಯೂ ಸಾಲಕ್ಕೆ ಬಿದ್ದು ಕೆಲವು ವರ್ಷ ನಿಂತುಹೋಯಿತು. ಆಗಿನ ದಿನಗಳನ್ನು ನಾನು ಕಂಡಿದ್ದೇನೆ. ಕಬ್ಬು ಕಡಿಯದೆ ಗದ್ದೆಯಲ್ಲೇ ಒಣಗಿತು. ಲಾರಿ ಬಾಡಿಗೆ ಕೊಟ್ಟು ದೂರದ ಕಾರ್ಖಾನೆಗೆ ಕಳಿಸಿದವರಿಗೆ ಬಾಡಿಗೆ ಕಳೆದು ಉಳಿದದ್ದು ಅಷ್ಟಕ್ಕಷ್ಟೆ. ಒಂದಷ್ಟು ಜನ ಆಲೆಮನೆಗಳ ಕಡೆ ತಿರುಗಿದರು. ಒಂದಷ್ಟು ಹುಡುಗರು ಬೆಂಗಳೂರಿನ ಬಸ್ಸು ಹತ್ತಿದರು. ಗಂಜಾಂನ ಕಸುಬುದಾರರ ಕತೆ ಪುಸ್ತಕದಲ್ಲಿ ಓದಿದ್ದು ಕಣ್ಣೆದುರೇ ನಡೆದಂತೆ ನನಗೆ ಅನ್ನಿಸಿದ್ದು ಆಗ. 2020ರಲ್ಲಿ ಸರ್ಕಾರ ಕಾರ್ಖಾನೆಯನ್ನು ಖಾಸಗಿಯವರಿಗೆ 40 ವರ್ಷದ ಗುತ್ತಿಗೆಗೆ ಕೊಟ್ಟಿತು. ಮತ್ತೆ ಚಿಮಣಿಯಲ್ಲಿ ಹೊಗೆ ಬಂತು.

“ಹಾಗಾದ್ರೆ ಗೆದ್ದವರು ಯಾರು ತಾತ?” ಎಂದು ಮಕ್ಕಳು ಕೇಳುತ್ತಾರೆ. ಕತೆಯಲ್ಲಿ ಒಬ್ಬರು ಗೆಲ್ಲಲೇಬೇಕು ಅವರಿಗೆ. ನಾನು ಹೇಳುವುದಿಷ್ಟು: ಸೈನ್ಯವನ್ನೇ ನಂಬಿದ ಕಸುಬುಗಳು ಸೈನ್ಯ ಎದ್ದುಹೋದ ದಿನ ನಿಂತವು. ಮಣ್ಣು, ನೀರು ನಂಬಿದ ಕಸುಬು ಬಿದ್ದರೂ ಏಳುತ್ತದೆ. ಆದರೆ ತಾನಾಗೇ ಏಳುವುದಿಲ್ಲ. ನಾಲೆಯ ಹೂಳು ತೆಗೆಯಬೇಕು, ಸಂಘದ ಲೆಕ್ಕ ನೇರವಾಗಿರಬೇಕು, ಬೆಳೆದವನಿಗೆ ಹಣ ಹೊತ್ತಿಗೆ ಸಿಗಬೇಕು. ಅದನ್ನು ನೋಡಿಕೊಳ್ಳುವವರು ದೊರೆಗಳಲ್ಲ, ಊರಿನವರು.

ನೋಡಲು ಬನ್ನಿ

ರಜೆಯಲ್ಲಿ ಒಂದು ದಿನ ಇಟ್ಟುಕೊಂಡು ಬನ್ನಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳು ಹಲವಿವೆ. ದಪ್ಪ ಗೋಡೆ, ನೆಲದಲ್ಲಿ ಅರ್ಧ ಹೂತ ಕಟ್ಟಡಗಳು. ಅವುಗಳಲ್ಲಿ ಒಂದು ಮೈಸೂರು ರೈಲಿನ ಜೋಡಿ ಹಳಿಗೆ ಅಡ್ಡ ಬಂದಿತ್ತು. ಒಡೆದು ಹಾಕುವ ಬದಲು, 2017ರಲ್ಲಿ ಅದನ್ನು ಬುಡಸಮೇತ ಜಾಕ್‌ಗಳ ಮೇಲೆ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು. ತೂಕ ಸುಮಾರು ಸಾವಿರ ಟನ್! ಒಂದು ಇಟ್ಟಿಗೆಯೂ ಬೀಳದಂತೆ ಮದ್ದಿನ ಮನೆ ನಡೆದುಹೋದದ್ದನ್ನು ಊರಿನವರು ಬೆರಗಿನಿಂದ ನೋಡಿದರು.

ಅಲ್ಲಿಂದ ಗಂಜಾಂಗೆ ಹೋಗಿ. ಸಿಕ್ಕರೆ ಅಂಜೂರ ಕೊಳ್ಳಿ, ಗಂಜಾಂ ಅಂಜೂರಕ್ಕೆ ಹಳೆಯ ಹೆಸರಿದೆ. ಆಮೇಲೆ ಪಾಂಡವಪುರಕ್ಕೆ ಬಂದು ಕುಂತಿ ಬೆಟ್ಟ ಹತ್ತಿ. ಬಿಸಿಲೇರುವ ಮುಂಚೆ ಹತ್ತಿದರೆ ಒಳ್ಳೆಯದು. ನೀರಿನ ಬಾಟಲಿ ಮರೆಯಬೇಡಿ, ಖಾಲಿ ಬಾಟಲಿಯನ್ನು ವಾಪಸು ತರುವುದನ್ನೂ ಮರೆಯಬೇಡಿ. ಮೇಲೆ ನಿಂತರೆ ಒಂದು ಕಡೆ ತೊಣ್ಣೂರು ಕೆರೆಯ ದಿಕ್ಕು, ಇನ್ನೊಂದು ಕಡೆ ಶ್ರೀರಂಗಪಟ್ಟಣದ ದಿಕ್ಕು, ನಡುವೆ ಹಸಿರು ಕಬ್ಬಿನ ಗದ್ದೆಗಳು.

ಹೊರಡುವ ಮೊದಲು ಒಂದು ಮನೆಪಾಠ. ಮಕ್ಕಳೇ, ನಿಮ್ಮ ಊರಿಗೆ ಹಿಂದೆ ಬೇರೆ ಹೆಸರಿತ್ತೇ ಎಂದು ತಾತನನ್ನೋ ಅಜ್ಜಿಯನ್ನೋ ಕೇಳಿ ಬರೆದುಕೊಳ್ಳಿ. ಆ ಹೆಸರು ಇಟ್ಟವರು ಯಾರು, ಅವರು ಏನು ಕೆಲಸ ಮಾಡುತ್ತಿದ್ದರು, ಈಗ ಆ ಕೆಲಸ ಯಾರು ಮಾಡುತ್ತಾರೆ ಎಂದೂ ಕೇಳಿ. ತಾತಂದಿರೇ, ಅಜ್ಜಿಯರೇ, ಮಕ್ಕಳು ಕೇಳಿದಾಗ ‘ಅದೆಲ್ಲ ಈಗ್ಯಾಕೆ’ ಅನ್ನಬೇಡಿ. ಹಿರೋಡೆ ಎಂಬ ಹೆಸರು ನಮ್ಮವರೆಗೂ ಬಂದದ್ದು ಯಾರೋ ಒಬ್ಬ ಅಜ್ಜಿ ಬಿಡದೆ ಹೇಳುತ್ತಾ ಬಂದದ್ದರಿಂದ.